ನಿನ್ನೆ ರಾತ್ರಿ ಓಡ್ತಿತ್ತು ಸರ್!

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅತಿ ಹೆಚ್ಚು ಸಲ ಹೇಳುವ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ರೆಡಿ ಇದೆ: ‘ಸರ್, ನಿನ್ನೆ ರಾತ್ರಿ ಓಡ್ತಿತ್ತು’. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ರಿವ್ಯೂ ದಿನ ನಾನೂ ಇದನ್ನೇ ಹೇಳಿದೆ. ಒಂದು ಸಲ ಅಲ್ಲ, ಮೂರು ಸಲ.

ನಮ್ಮ ಪ್ರಾಜೆಕ್ಟ್ ನಮ್ಮೂರಿನ ಹಾಲಿನ ಡೇರಿಗೆ ಸಂಬಂಧಿಸಿದ್ದು. ಹಾಲಿನ ತೂಕ, ಫ್ಯಾಟು ಎಲ್ಲವನ್ನೂ ಅಲ್ಲಿನ ಮೆಷಿನ್ನೇ ನೋಡಿಕೊಳ್ಳುತ್ತದೆ. ಆದರೆ ಸದಸ್ಯರು ಸಾಲಕ್ಕೆ ಒಯ್ಯುವ ಹಿಂಡಿ ಮೂಟೆ, ಮಿನರಲ್ ಮಿಕ್ಸ್ಚರ್, ಮಗಳ ಮದುವೆಗೆಂದು ತೆಗೆದುಕೊಂಡ ಮುಂಗಡ ಇವೆಲ್ಲ ಕಾರ್ಯದರ್ಶಿಯ ಉದ್ದನೆಯ ನೋಟ್‌ಬುಕ್ಕಿನಲ್ಲಿರುತ್ತವೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಮಾಡುವಾಗ ಅವರು ಅದನ್ನು ಹಾಳೆ ಹಾಳೆ ತಿರುವಿ, ಒಬ್ಬೊಬ್ಬರ ಕಡಿತ ಕೂಡಿ, ಹಾಲಿನ ದುಡ್ಡಿನಲ್ಲಿ ಕಳೆದು ಕೊಡುತ್ತಾರೆ. ಈ ನೋಟ್‌ಬುಕ್ಕಿನ ಜಾಗಕ್ಕೆ ಒಂದು ವೆಬ್ ಪುಟ ತರುವುದು ನಮ್ಮ ಐಡಿಯಾ. ಪೈಥಾನ್, ಫ್ಲಾಸ್ಕ್, ಎಸ್‌ಕ್ಯೂಎಲ್‌ಆಲ್ಕೆಮಿ ಎಂದು ರಿಪೋರ್ಟಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆವು.

ರಿವ್ಯೂ ನಡೆದದ್ದು ಲ್ಯಾಬಿನ ಕಂಪ್ಯೂಟರಿನಲ್ಲಿ. ನಮ್ಮ ಫೋಲ್ಡರನ್ನು ಪೆನ್‌ಡ್ರೈವ್‌ನಿಂದ ಹಾಕಿ, ಬೇಕಾದ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿ, ರನ್ ಒತ್ತಿದ ಕೂಡಲೇ ಪರದೆ ತುಂಬ ಸಾಲುಗಳು. ಕೊನೆಯ ಸಾಲು ಹೇಳಿದ್ದಿಷ್ಟು: ‘ವರ್ಕ್‌ಜೋಯ್ಗ್’ ಎಂಬುದರಿಂದ ‘ಯುಆರ್‌ಎಲ್ ಕೋಟ್’ ಎಂಬುದನ್ನು ತರಲು ಆಗುತ್ತಿಲ್ಲ. ನಾನು ಜನ್ಮದಲ್ಲಿ ವರ್ಕ್‌ಜೋಯ್ಗ್ ಎಂಬ ಹೆಸರನ್ನೇ ಟೈಪ್ ಮಾಡಿದವನಲ್ಲ. ನಮ್ಮ ಕೋಡಿನಲ್ಲಿ ಎಲ್ಲೂ ಅದಿಲ್ಲ. ಇಲ್ಲದ್ದು ಹೇಗೆ ಕೈಕೊಟ್ಟಿತು?

ಎಕ್ಸ್‌ಟರ್ನಲ್ ಆಗಿ ಬಂದಿದ್ದ ಮೇಡಂ ‘ಕೊನೆಗೆ ಬನ್ನಿ’ ಎಂದು ನಮ್ಮ ಟೀಮನ್ನು ಸಾಲಿನ ತುದಿಗೆ ಕಳಿಸಿದರು. ಆ ಇಪ್ಪತ್ತು ನಿಮಿಷದಲ್ಲಿ ನನ್ನ ಟೀಮಿನ ಗೆಳತಿ ಆ ಎರರ್ ಸಾಲನ್ನೇ ಹುಡುಕಿ, ವರ್ಕ್‌ಜೋಯ್ಗ್‌ನ ಹಳೇ ಆವೃತ್ತಿ ಹಾಕಿದಳು. ಓಡಿತು. ಯಾಕೆ ಓಡಿತು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಆಮೇಲೆ, ಹಾಸ್ಟೆಲಿನಲ್ಲಿ ಕೂತು ಓದಿದಾಗ. ನಾವು ಒಂದು ಲೈಬ್ರರಿ ಇನ್‌ಸ್ಟಾಲ್ ಮಾಡಿದರೆ ಅದು ಒಂಟಿಯಾಗಿ ಬರುವುದಿಲ್ಲ. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ಫ್ಲಾಸ್ಕ್ ಕೇಳಿದರೆ ಅದರ ಹಿಂದೆ ವರ್ಕ್‌ಜೋಯ್ಗ್, ಜಿಂಜಾ, ಕ್ಲಿಕ್, ಇಟ್ಸ್‌ಡೇಂಜರಸ್, ಜಿಂಜಾದ ಹಿಂದೆ ಮಾರ್ಕಪ್‌ಸೇಫ್. (ಇಟ್ಸ್‌ಡೇಂಜರಸ್ ಎಂಬ ಹೆಸರಿನ ಲೈಬ್ರರಿ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಇತ್ತು, ನಾನು ನೋಡೇ ಇರಲಿಲ್ಲ. ಪಾಪ, ಅದು ಮಾಡುವುದು ಕುಕೀಗಳಿಗೆ ಸಹಿ ಹಾಕುವ ಒಳ್ಳೇ ಕೆಲಸ.) ವರ್ಕ್‌ಜೋಯ್ಗ್ ಎಂದರೆ ಜರ್ಮನ್ ಭಾಷೆಯಲ್ಲಿ ಉಪಕರಣ ಎಂದರ್ಥ. ಬ್ರೌಸರಿನಿಂದ ಬರುವ ವಿನಂತಿಯನ್ನು ಬಿಡಿಸಿ ಫ್ಲಾಸ್ಕ್ ಕೈಗೆ ಕೊಡುವುದು ಅದೇ.

ನಾನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ‘ಫ್ಲಾಸ್ಕ್ 2.2.2’ ಎಂದು ಬರೆದು, ಬಹಳ ಶಿಸ್ತಿನ ಹುಡುಗ ಎಂದುಕೊಂಡಿದ್ದೆ. ಆದರೆ ಆ ಫ್ಲಾಸ್ಕ್ ತನಗೆ ಬೇಕಾದದ್ದನ್ನು ‘ವರ್ಕ್‌ಜೋಯ್ಗ್ 2.2.2 ಅಥವಾ ಅದಕ್ಕಿಂತ ಹೊಸದು’ ಎಂದು ಹೇಳಿಕೊಂಡಿತ್ತು. ಹೊಸದು ಎಂದರೆ ಎಷ್ಟು ಹೊಸದು? ಮಿತಿ ಇಲ್ಲ. 2023ರ ಸೆಪ್ಟೆಂಬರ್ 30ರಂದು ವರ್ಕ್‌ಜೋಯ್ಗ್ 3.0 ಬಂತು. ಯುಆರ್‌ಎಲ್ ಕೋಟ್ ಎಂಬ ಫಂಕ್ಷನ್ ಅದರಲ್ಲಿ ಇರಲಿಲ್ಲ. ತೆಗೆಯುತ್ತೇವೆ ಎಂದು ಅದರ ಹಿಂದಿನ 2.3 ಆವೃತ್ತಿಯಲ್ಲೇ ಎಚ್ಚರಿಕೆ ಕೊಟ್ಟು, ಆಮೇಲೆ ತೆಗೆದಿದ್ದರು. ಅವರದ್ದೇನೂ ತಪ್ಪಿಲ್ಲ. ಆವೃತ್ತಿ ಸಂಖ್ಯೆಯಲ್ಲಿ ಮೂರು ಅಂಕಿ ಇರುವುದೇ ಅದಕ್ಕೆ. ಕೊನೆಯದು ಬದಲಾದರೆ ಸಣ್ಣ ರಿಪೇರಿ, ನಡುವಿನದ್ದು ಬದಲಾದರೆ ಹೊಸ ಸೌಲಭ್ಯ, ಮೊದಲನೆಯದು ಬದಲಾದರೆ ಹಳೆಯದು ಮುರಿಯಬಹುದು, ನೋಡಿಕೊಂಡು ಬನ್ನಿ ಎಂದು ಅರ್ಥ. ತಮಾಷೆ ಏನೆಂದರೆ ಫ್ಲಾಸ್ಕ್, ವರ್ಕ್‌ಜೋಯ್ಗ್ ಎರಡನ್ನೂ ನಡೆಸುವುದು ಪ್ಯಾಲೆಟ್ಸ್ ಎಂಬ ಒಂದೇ ಬಳಗ. ಒಂದೇ ಮನೆಯವರ ನಡುವೆಯೇ ಹೀಗಾದರೆ ಬೇರೆ ಬೇರೆ ಮನೆಯವರ ಕತೆ ಹೇಳಬೇಕೆ?

ನನ್ನ ಲ್ಯಾಪ್‌ಟಾಪಿನಲ್ಲಿ ಯಾಕೆ ಓಡುತ್ತಿತ್ತು ಎಂದರೆ, ಅಲ್ಲಿ ಫ್ಲಾಸ್ಕ್ ಹಾಕಿದ್ದು ಮೊದಲ ವರ್ಷದ ವರ್ಕ್‌ಶಾಪಿನಲ್ಲಿ, 2023ರ ಜನವರಿಯಲ್ಲಿ. ಆಗ ಬಂದ ಹಳೇ ವರ್ಕ್‌ಜೋಯ್ಗ್ ಹಾಗೇ ಕೂತಿತ್ತು. ಲ್ಯಾಬಿನ ಕಂಪ್ಯೂಟರ್ ಹೊಸದಾಗಿ ತಂದುಕೊಂಡಿತು. ‘ನಿನ್ನೆ ರಾತ್ರಿ ಓಡ್ತಿತ್ತು’ ಎಂಬುದು ಸುಳ್ಳಲ್ಲ ಮಾರಾಯ್ರೇ. ಓಡುತ್ತಿದ್ದದ್ದು ಬೇರೆ ಪ್ರೋಗ್ರಾಮು, ಅಷ್ಟೇ.

ದೊಡ್ಡವರಿಗೂ ಇದು ಆಗಿದೆ ಎಂದು ತಿಳಿದಾಗ ಸ್ವಲ್ಪ ಸಮಾಧಾನ ಆಯಿತು. 2016ರ ಮಾರ್ಚ್‌ನಲ್ಲಿ ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್, ತನ್ನ ಒಂದು ಪ್ಯಾಕೇಜಿನ ಹೆಸರನ್ನು ಬೇರೆ ಕಂಪನಿಗೆ ಬಿಟ್ಟುಕೊಡಬೇಕಾದ ಸಿಟ್ಟಿಗೆ, ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಉಗ್ರಾಣದಿಂದ ತನ್ನ ಎಲ್ಲ ಪ್ಯಾಕೇಜುಗಳನ್ನೂ ಹಿಂತೆಗೆದ. ಅದರಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬುದೊಂದಿತ್ತು. 11 ಸಾಲಿನ ಕೋಡು. ಒಂದು ಪದದ ಎಡಕ್ಕೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿಸುವುದು ಅದರ ಕೆಲಸ. ನಮ್ಮ ಸಿ ಲ್ಯಾಬಿನಲ್ಲಿ ಎರಡನೇ ವಾರಕ್ಕೆ ಕೊಡುವಂಥ ಪ್ರೋಗ್ರಾಮು. ಆದರೆ ಜಗತ್ತಿನ ಸಾವಿರಾರು ಪ್ರಾಜೆಕ್ಟ್‌ಗಳು ಬಳಸುವ ಬೇಬಲ್‌ನಂಥ ಸಲಕರಣೆಗಳು ಎಲ್ಲೋ ಆಳದಲ್ಲಿ ಇದನ್ನೇ ನಂಬಿದ್ದವು. ಒಂದಾದ ಮೇಲೊಂದು ಬಿಲ್ಡ್‌ಗಳು ಬಿದ್ದವು. ಕೊನೆಗೆ ಎನ್‌ಪಿಎಂನವರೇ ಅದನ್ನು ಮತ್ತೆ ವಾಪಸ್ ತಂದು ಕೂರಿಸಬೇಕಾಯಿತು.

ಹಾಗಾದರೆ ಏನು ಮಾಡಬೇಕು ಎಂದರೆ, ಪೈಥಾನ್‌ನವರಿಗೆ ಉತ್ತರ ಸುಲಭವೇ. ಪ್ರತಿ ಪ್ರಾಜೆಕ್ಟ್‌ಗೂ ಅದರದ್ದೇ ವರ್ಚುವಲ್ ಎನ್‌ವಿರಾನ್‌ಮೆಂಟ್ ಇರಲಿ. ಒಂದೇ ಅಡುಗೆಮನೆಯಲ್ಲಿ ಹತ್ತು ಜನ ಒಲೆ ಹಚ್ಚುವುದು ಬೇಡ. ‘ಪಿಪ್ ಫ್ರೀಜ್’ ಕೊಟ್ಟರೆ ನೀವು ಕೇಳಿದ್ದು, ಕೇಳದೇ ಬಂದದ್ದು ಎಲ್ಲವೂ ನಿಖರ ಆವೃತ್ತಿಯೊಂದಿಗೆ ಪಟ್ಟಿಯಾಗುತ್ತದೆ. ಪೊಯೆಟ್ರಿ, ಯುವಿ ಮುಂತಾದವು ಲಾಕ್ ಫೈಲ್ ಎಂಬುದನ್ನು ತಾವೇ ಬರೆದಿಡುತ್ತವೆ, ಜಾವಾಸ್ಕ್ರಿಪ್ಟ್‌ನಲ್ಲಿ ಎನ್‌ಪಿಎಂ ಕೂಡ. ಅದನ್ನು ಗಿಟ್‌ಗೆ ಸೇರಿಸಿ. ನಮ್ಮ ಬ್ಯಾಚಿನಲ್ಲಿ ಒಬ್ಬ ‘ಏನೋ ಕಸದ ಫೈಲು’ ಎಂದು ಅದನ್ನೇ ಡಿಲೀಟ್ ಮಾಡುತ್ತಿದ್ದ.

ಆದರೆ ಫ್ರೀಜ್ ಮಾಡಿಟ್ಟು ಮರೆತರೂ ಕಷ್ಟ. ಫ್ರಿಜ್ಜಿನಲ್ಲಿಟ್ಟ ಸಾರು ಎಷ್ಟು ದಿನ? 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಭಾರೀ ಲೋಪ ಬಯಲಾಯಿತು. ಲಾಗ್‌ನಲ್ಲಿ ದಾಖಲಾಗುವ ಕಡೆ ಒಂದು ವಿಶೇಷ ಪದಪುಂಜ ಟೈಪ್ ಮಾಡಿದರೆ ಸಾಕು, ಸರ್ವರು ಹೊರಗಿನಿಂದ ಕೋಡು ತಂದು ಓಡಿಸಿಬಿಡುವಷ್ಟು ದೊಡ್ಡ ಕಿಂಡಿ. ಸರಿಪಡಿಸಿದ ಆವೃತ್ತಿ ಬೇಗ ಬಂತು. ಆದರೆ ತಮ್ಮ ಸಾಫ್ಟ್‌ವೇರ್‌ಗಳಲ್ಲಿ ಲಾಗ್‌ಫೋರ್‌ಜೆ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದೇ ಕಂಪನಿಗಳಿಗೆ ದೊಡ್ಡ ಕೆಲಸವಾಯಿತು, ಯಾಕೆಂದರೆ ಬಹಳಷ್ಟು ಕಡೆ ಅದು ನೆಂಟರ ನೆಂಟನಾಗಿ ಬಂದಿತ್ತು. ಇನ್ನೊಂದು ಮಾತು, ನಮ್ಮ ಕಾಲದ್ದು: ಎಐ ಬರೆದುಕೊಟ್ಟ ಕೋಡಿನಲ್ಲಿ ಇರುವ ಪ್ಯಾಕೇಜ್ ಹೆಸರನ್ನು ಹಾಗೇ ಇನ್‌ಸ್ಟಾಲ್ ಮಾಡಬೇಡಿ. ಕೆಲವೊಮ್ಮೆ ಅಂಥ ಹೆಸರಿನದ್ದು ಇರುವುದೇ ಇಲ್ಲ. ಇನ್ನು ಪ್ರಸಿದ್ಧ ಹೆಸರಿನ ಒಂದಕ್ಷರ ತಿರುಚಿ ಅದರಲ್ಲಿ ವಿಷ ತುಂಬಿಟ್ಟವರಂತೂ ಇದ್ದೇ ಇದ್ದಾರೆ.

ಮತ್ತೆ ರಿವ್ಯೂಗೆ ಬರುತ್ತೇನೆ. ಸಾಲಿನ ತುದಿಯಲ್ಲಿ ನಮ್ಮ ಸರದಿ ಬಂದಾಗ ಪುಟ ಚೆನ್ನಾಗಿಯೇ ತೆರೆಯಿತು. ಮೇಡಂ ಕೋಡು ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದು ಡೇಟಾಬೇಸಿಗೆ ಏನಂತ ಕೇಳುತ್ತೆ?’ ಎಂದರು. ‘ಅದನ್ನ ಒಆರ್‌ಎಂ ನೋಡ್ಕೊಳ್ಳುತ್ತೆ ಮೇಡಂ’ ಎಂದೆ. ಅವರು ನಕ್ಕು, ಏನೋ ಬರೆದುಕೊಂಡು, ‘ಆಯ್ತು ಹೋಗಿ’ ಎಂದರು. ನಾನು ಅದನ್ನು ಒಳ್ಳೆಯ ಉತ್ತರ ಎಂದುಕೊಂಡೆ. ಆ ವಾರವೇ ರೆಸ್ಯೂಮೆಯಲ್ಲಿ ‘ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಪರಿಣತಿ’ ಎಂದೂ ಸೇರಿಸಿದೆ.

ಒಆರ್‌ಎಂ ಎಂದರೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್. ಡೇಟಾಬೇಸಿನಲ್ಲಿ ಎಲ್ಲವೂ ಟೇಬಲ್ಲು, ಸಾಲು, ಕಾಲಂ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬರೆದ ಪ್ರಬಂಧದಿಂದ ಶುರುವಾದ ದಾರಿ ಅದು. ನಾವು ಬರೆಯುವ ಕೋಡಿನಲ್ಲಿ ಎಲ್ಲವೂ ಕ್ಲಾಸು, ಆಬ್ಜೆಕ್ಟು. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು ಒಆರ್‌ಎಂ. ಜಾವಾದಲ್ಲಿ ಹೈಬರ್ನೇಟ್, ಪೈಥಾನ್‌ನಲ್ಲಿ ಮೈಕ್ ಬೇಯರ್ 2006ರಲ್ಲಿ ಹೊರತಂದ ಎಸ್‌ಕ್ಯೂಎಲ್‌ಆಲ್ಕೆಮಿ, ಜಾಂಗೋದೊಳಗೆ ಅದರದ್ದೇ ಒಂದು. ‘ಸದಸ್ಯ ಡಾಟ್ ಕಡಿತಗಳು’ ಎಂದು ಬರೆದರೆ ಸಾಕು, ಆ ಸದಸ್ಯನ ಕಡಿತಗಳೆಲ್ಲ ಕೈಗೆ ಬರುತ್ತವೆ. ಸೆಲೆಕ್ಟ್ ಬೇಡ, ಜಾಯಿನ್ ಬೇಡ. ನಿಜ ಹೇಳಬೇಕೆಂದರೆ ನಾನು ಅದನ್ನು ಆರಿಸಿಕೊಂಡದ್ದೇ ಜಾಯಿನ್‌ಗೆ ಹೆದರಿ. ಡಿಬಿಎಂಎಸ್ ಪರೀಕ್ಷೆಯಲ್ಲಿ ಲೆಫ್ಟ್ ಔಟರ್ ಜಾಯಿನ್ ಬಗ್ಗೆ ಎಂಟು ಮಾರ್ಕ್ಸಿಗೆ ಬರೆದು, ಪರೀಕ್ಷೆ ಹಾಲಿನ ಬಾಗಿಲಲ್ಲೇ ಮರೆತು ಬಂದಿದ್ದೆ.

ಸೆಮಿಸ್ಟರ್ ರಜೆಯಲ್ಲಿ ಪ್ರಾಜೆಕ್ಟನ್ನು ಒಂದು ಉಚಿತ ಹೋಸ್ಟಿಂಗ್‌ಗೆ ಹಾಕಿ, ಡೇರಿಯ ಕಾರ್ಯದರ್ಶಿಗೆ ತೋರಿಸಿದೆ. ಅವರು ಅಪ್ಪನ ಪರಿಚಯದವರು. ‘ನೋಡೋಣಪ್ಪ’ ಎಂದು ನೋಟ್‌ಬುಕ್ಕಿನ ಜೊತೆಗೇ ಇದರಲ್ಲೂ ದಿನಾ ಬರೆಯತೊಡಗಿದರು. ಮೊದಲ ಬಟವಾಡೆಗೆ ನಾನು ಊರಲ್ಲೇ ಇದ್ದೆ. ಪುಟ ತೆರೆಯಲು ಸ್ವಲ್ಪ ಹೊತ್ತಾಯಿತು, ಹಳ್ಳಿ ನೆಟ್‌ವರ್ಕ್ ಎಂದುಕೊಂಡೆ. ಮೂರನೇ ಬಟವಾಡೆಗೆ ಹಳ್ಳಿ ನೆಟ್‌ವರ್ಕ್ ಎನ್ನುವ ನೆಪ ಮುಗಿಯಿತು. ಬೆಳಗಿನ ಹಾಲು ಹಾಕಿ ಮುಗಿಸಿದ ಮೂವತ್ತು ನಲವತ್ತು ಜನ ಬಾಗಿಲಲ್ಲಿ ನಿಂತಿದ್ದಾರೆ. ಕಾರ್ಯದರ್ಶಿ ‘ಕಡಿತದ ಪಟ್ಟಿ’ ಒತ್ತಿದರು. ಸುತ್ತುತ್ತಲೇ ಇದೆ. ಆಮೇಲೆ ಎರರ್. ಮತ್ತೆ ಒತ್ತಿದರು, ಈ ಸಲ ಬಂತು. ಹಾಳೆ ಪ್ರಿಂಟ್ ಕೊಡುವಷ್ಟರಲ್ಲಿ ಮತ್ತೆ ಎರರ್. ಅವರು ಏನೂ ಬೈಯಲಿಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, ಡ್ರಾಯರಿನಿಂದ ನೋಟ್‌ಬುಕ್ ತೆಗೆದರು. ಹಿಂದಿನಿಂದ ಯಾರೋ ‘ಬೇಗ ಮಾಡಿ ಸ್ವಾಮಿ, ಬಸ್ಸಿದೆ’ ಎಂದರು. ರಿವ್ಯೂನಲ್ಲಿ ಮಾರ್ಕ್ಸ್ ಹೋದದ್ದಕ್ಕಿಂತ ಆ ನೋಟ್‌ಬುಕ್ ತೆರೆದ ಸದ್ದು ಜಾಸ್ತಿ ಚುಚ್ಚಿತು.

ಅವತ್ತು ರಾತ್ರಿ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ‘ಎಕೋ’ ಎಂಬುದನ್ನು ‘ಟ್ರೂ’ ಮಾಡಿದೆ. ಅದು ಹಿಂದಿನಿಂದ ಡೇಟಾಬೇಸಿಗೆ ಕಳಿಸುವ ಪ್ರತಿ ಎಸ್‌ಕ್ಯೂಎಲ್ ವಾಕ್ಯವನ್ನೂ ಪರದೆಯ ಮೇಲೆ ತೋರಿಸುತ್ತದೆ. ಒಂದೇ ಒಂದು ಪದದ ಬದಲಾವಣೆ. ಇದನ್ನು ಮೊದಲ ದಿನವೇ ಮಾಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಪಟ್ಟಿಯ ಪುಟ ತೆರೆದೆ. ಸೆಲೆಕ್ಟ್, ಸೆಲೆಕ್ಟ್, ಸೆಲೆಕ್ಟ್... ನಿಲ್ಲುವುದೇ ಇಲ್ಲ. ಎಣಿಸಿದರೆ 188.

ಡೇರಿಯಲ್ಲಿ 187 ಸದಸ್ಯರಿದ್ದಾರೆ. ಸದಸ್ಯರ ಪಟ್ಟಿ ತರಲು ಒಂದು ಕ್ವೆರಿ. ಆಮೇಲೆ ನಾನು ಲೂಪ್ ಹಾಕಿ ‘ಸದಸ್ಯ ಡಾಟ್ ಕಡಿತಗಳು’ ಎಂದು ಬರೆದಿದ್ದೆನಲ್ಲ, ಪ್ರತಿ ಸಲ ಆ ಚುಕ್ಕೆ ಇಟ್ಟಾಗಲೂ ಒಆರ್‌ಎಂ ಡೇಟಾಬೇಸಿಗೆ ಹೋಗಿ ಬರುತ್ತಿತ್ತು. ಅಮ್ಮ ಇಪ್ಪತ್ತು ಸಾಮಾನಿನ ಚೀಟಿ ಕೊಟ್ಟರೆ, ಉಪ್ಪಿಗೆ ಒಂದು ಸಲ ಅಂಗಡಿಗೆ, ಸಾಸಿವೆಗೆ ಇನ್ನೊಂದು ಸಲ, ಬೆಲ್ಲಕ್ಕೆ ಮತ್ತೊಂದು ಸಲ ಹೋಗಿ ಬಂದ ಹಾಗೆ. ಇದಕ್ಕೆ ‘ಎನ್ ಪ್ಲಸ್ ಒನ್’ ಸಮಸ್ಯೆ ಎಂಬ ಹೆಸರೇ ಇದೆ, ಒಆರ್‌ಎಂ ಬಳಸುವ ಎಲ್ಲ ಭಾಷೆಯವರಿಗೂ ಇದು ಕಾಡಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಅಂಗಡಿ ಮನೆ ಪಕ್ಕದಲ್ಲೇ ಇತ್ತು, ಡೇಟಾಬೇಸ್ ಅದೇ ಯಂತ್ರದೊಳಗೆ. ಗೊತ್ತಾಗಲಿಲ್ಲ. ಹೋಸ್ಟಿಂಗ್‌ನಲ್ಲಿ ಸರ್ವರಿಗೊಂದು, ಡೇಟಾಬೇಸಿಗೊಂದು ಊರು ಆರಿಸುವಾಗ ಎದುರಿಗೆ ಬಂದದ್ದನ್ನು ಒತ್ತಿದ್ದೆ. ಒಂದು ಒಂದು ಖಂಡದಲ್ಲಿ, ಇನ್ನೊಂದು ಇನ್ನೊಂದು ಖಂಡದಲ್ಲಿ. ಒಂದು ಸಲ ಹೋಗಿ ಬರಲು ಹೆಚ್ಚು ಕಡಿಮೆ 150 ಮಿಲಿಸೆಕೆಂಡು. 188ರಿಂದ ಗುಣಿಸಿ ನೋಡಿ, 28 ಸೆಕೆಂಡು. ನಮ್ಮ ಪ್ರೋಗ್ರಾಮನ್ನು ಓಡಿಸುವ ಗುನಿಕಾರ್ನ್ ಸರ್ವರ್, ನಾವು ಬೇರೆ ಏನೂ ಹೇಳದಿದ್ದರೆ, 30 ಸೆಕೆಂಡಿಗೆ ಕೈಬಿಡುತ್ತದೆ. ಅದಕ್ಕೇ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಇದಕ್ಕಿಂತ ಮುಜುಗರದ್ದು ಇನ್ನೊಂದಿತ್ತು. ‘ಕಡಿತಗಳು’ ಎಂದರೆ ಈ ಹದಿನೈದು ದಿನದ್ದಲ್ಲ, ಶುರುವಿನಿಂದ ಇವತ್ತಿನವರೆಗಿನ ಎಲ್ಲವೂ. ಎಲ್ಲವನ್ನೂ ತರಿಸಿಕೊಂಡು, ಆಮೇಲೆ ಪೈಥಾನ್‌ನಲ್ಲಿ ತಾರೀಖು ನೋಡಿ ಬೇಡದ್ದನ್ನು ಎಸೆಯುತ್ತಿದ್ದೆ. ಪ್ರತಿ ಬಟವಾಡೆಗೂ ನಿಧಾನವಾಗುತ್ತ ಹೋದದ್ದು ಇದರಿಂದ.

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೌಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಏಕೆ ಎಂದು ಬೆನ್ನುಹತ್ತಿ, ಎಕ್ಸ್‌ಜೆಡ್ ಎಂಬ ಲೈಬ್ರರಿಯಲ್ಲಿ ಯಾರೋ ಬೇಕೆಂದೇ ಸೇರಿಸಿದ್ದ ಕಳ್ಳಬಾಗಿಲನ್ನು ಪತ್ತೆ ಮಾಡಿದರು. ಅವರಿಗೆ ಅರ್ಧ ಸೆಕೆಂಡು ಕಂಡಿತು. ನನಗೆ 28 ಸೆಕೆಂಡು ಹಳ್ಳಿ ನೆಟ್‌ವರ್ಕ್ ಆಗಿ ಕಂಡಿತ್ತು.

ರಿಪೇರಿಯ ಸುಲಭ ದಾರಿ ಒಆರ್‌ಎಂನಲ್ಲೇ ಇದೆ. ‘ಸೆಲೆಕ್ಟ್-ಇನ್-ಲೋಡ್’ ಎಂದು ಮೊದಲೇ ಹೇಳಿದರೆ 188ರ ಬದಲು ಎರಡೇ ಕ್ವೆರಿಯಲ್ಲಿ ಮುಗಿಸುತ್ತದೆ. ಆದರೆ ನನಗೆ ಬೇಕಿದ್ದದ್ದು ಕಡಿತಗಳ ರಾಶಿಯಲ್ಲ, ಒಬ್ಬೊಬ್ಬರ ಮೊತ್ತ. ಕೂಡುವ ಕೆಲಸವನ್ನು ಡೇಟಾಬೇಸಿಗೇ ಬಿಡುವುದು ಮೇಲು. ಸರಿ, ಧೈರ್ಯ ಮಾಡಿ ನಾನೇ ಜಾಯಿನ್ ಬರೆದೆ. ಸದಸ್ಯರು ಲೆಫ್ಟ್ ಜಾಯಿನ್ ಕಡಿತಗಳು, ತಾರೀಖಿನ ಷರತ್ತು ‘ವೇರ್’ನಲ್ಲಿ, ಗ್ರೂಪ್ ಬೈ ಸದಸ್ಯ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಕುಣಿದಾಡಿಬಿಟ್ಟೆ. ಬೆಳಿಗ್ಗೆ ನೋಡಿದರೆ ಪಟ್ಟಿಯಲ್ಲಿ 141 ಜನ ಮಾತ್ರ. ಉಳಿದ 46 ಮಂದಿ ಎಲ್ಲಿ?

ಆ ಹದಿನೈದು ದಿನದಲ್ಲಿ ಏನೂ ಸಾಲ ಒಯ್ಯದವರು ಅವರು. ಲೆಫ್ಟ್ ಜಾಯಿನ್ ಅವರನ್ನು ಖಾಲಿ ತಾರೀಖಿನೊಂದಿಗೋ ಹಳೇ ತಾರೀಖಿನೊಂದಿಗೋ ಉಳಿಸಿಕೊಂಡಿರುತ್ತದೆ, ಆದರೆ ಆಮೇಲೆ ಬರುವ ‘ವೇರ್’ ಆ ಸಾಲುಗಳನ್ನು ಕಿತ್ತು ಹಾಕುತ್ತದೆ. ತಾರೀಖಿನ ಷರತ್ತನ್ನು ಜಾಯಿನ್‌ನ ‘ಆನ್’ ಭಾಗಕ್ಕೆ ಸೇರಿಸಿದ ಮೇಲೆ 187 ಜನರೂ ವಾಪಸ್ ಬಂದರು, ಕಡಿತ ಇಲ್ಲದವರ ಎದುರು ಸೊನ್ನೆ ಸಮೇತ. ಎಂಟು ಮಾರ್ಕ್ಸಿನ ಉತ್ತರ ನಿಜವಾಗಿ ಅರ್ಥವಾದದ್ದು ಅವತ್ತು.

ಹಾಗಂತ ನಾನೀಗ ಒಆರ್‌ಎಂ ವಿರೋಧಿ ಆಗಿಲ್ಲ. ಅದರ ಬಗ್ಗೆ ಜಗಳ ಹಳೆಯದು. 2006ರಲ್ಲೇ ಟೆಡ್ ನ್ಯೂವರ್ಡ್ ಎಂಬುವರು ಒಆರ್‌ಎಂ ಅನ್ನು ಕಂಪ್ಯೂಟರ್ ವಿಜ್ಞಾನದ ವಿಯೆಟ್ನಾಂ ಎಂದು ಕರೆದು ದೊಡ್ಡ ಪ್ರಬಂಧ ಬರೆದಿದ್ದರು: ಒಳಹೋಗುವುದು ಸಲೀಸು, ಹೊರಬರುವುದು ಕಷ್ಟ ಎಂಬ ಅರ್ಥದಲ್ಲಿ. ನನಗೆ ಅಷ್ಟು ಸಿಟ್ಟಿಲ್ಲ. ಹೊಸ ಸದಸ್ಯನನ್ನು ಸೇರಿಸುವಾಗ, ಒಂದು ದಾಖಲೆ ತಿದ್ದುವಾಗ ಅದು ಎಷ್ಟೋ ಬೇಸರದ ಕೆಲಸ ಉಳಿಸುತ್ತದೆ. ಬಳಕೆದಾರ ಟೈಪ್ ಮಾಡಿದ್ದನ್ನು ಕ್ವೆರಿಯೊಳಗೆ ಅಂಟಿಸದೆ ಬೇರೆಯಾಗಿ ಕಳಿಸುವುದರಿಂದ ಎಸ್‌ಕ್ಯೂಎಲ್ ಇಂಜೆಕ್ಷನ್ ಕಾಟವೂ ಬಹುಪಾಲು ತಪ್ಪುತ್ತದೆ. ರಿಪೋರ್ಟು, ಮೊತ್ತ, ಪಟ್ಟಿ ಎಂದಾಗ ಮಾತ್ರ ನಾನು ಎಸ್‌ಕ್ಯೂಎಲ್ ಕಡೆ ಹೋಗುತ್ತೇನೆ. ಎಸ್‌ಕ್ಯೂಎಲ್‌ಆಲ್ಕೆಮಿಯೇ ‘ಕೋರ್’ ಎಂದು ಅದಕ್ಕೊಂದು ಬಾಗಿಲು ತೆರೆದಿಟ್ಟಿದೆ, ನಾನು ನೋಡಿರಲಿಲ್ಲ ಅಷ್ಟೇ. ರೆಸ್ಯೂಮೆಯಿಂದ ‘ಪರಿಣತಿ’ ತೆಗೆದು ‘ಬಳಸಿದ್ದೇನೆ’ ಎಂದು ಮಾಡಿದ್ದೇನೆ. ಸೀನಿಯರ್ ಒಬ್ಬರು ‘ಅದು ಎಚ್‌ಆರ್ ಫಿಲ್ಟರ್‌ನಲ್ಲಿ ಬೀಳುತ್ತೆ ನೋಡು’ ಎಂದಿದ್ದಾರೆ. ಬೀಳಲಿ. ಮೇಡಂ ಕೇಳಿದ ಪ್ರಶ್ನೆಯನ್ನೇ ಇಂಟರ್‌ವ್ಯೂನಲ್ಲಿ ಯಾರಾದರೂ ಕೇಳಿದರೆ ಹೇಳುವುದಕ್ಕಂತೂ ಈಗ ಉತ್ತರ ಇದೆ.

ಕಳೆದ ಬಟವಾಡೆಗೆ ಮತ್ತೆ ಡೇರಿಗೆ ಹೋಗಿದ್ದೆ. ಕಾರ್ಯದರ್ಶಿ ಬಟನ್ ಒತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿ ಬಂದಿತ್ತು. ಅವರು ಅದನ್ನು ನಂಬಲಿಲ್ಲ. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಕೆಂಪು ಪೆನ್ನಿನಿಂದ 187 ಹೆಸರಿಗೂ ಒಂದೊಂದೇ ಟಿಕ್ ಹಾಕುತ್ತ ಹೋದರು. ಒಬ್ಬರ ಲೆಕ್ಕದಲ್ಲಿ ಒಂದು ಹಿಂಡಿ ಮೂಟೆ ಜಾಸ್ತಿ ಬಂತು. ತಪ್ಪು ನಮ್ಮ ಪುಟದ್ದೇ: ನೆಟ್‌ವರ್ಕ್ ನಿಧಾನವಿದ್ದ ದಿನ ಅವರು ‘ಸೇವ್’ ಬಟನ್ನನ್ನು ಎರಡು ಸಲ ಒತ್ತಿದ್ದರು, ಎರಡು ಸಲವೂ ಸೇವ್ ಆಗಿತ್ತು. ‘ಇದೊಂದು ಸರಿ ಮಾಡ್ಕೊಂಡು ಬಾ’ ಎಂದರು. ‘ಅಲ್ಲೀವರೆಗೆ ಇದು ಇಲ್ಲೇ ಇರಲಿ’ ಎಂದು ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕದೆ ಮೇಜಿನ ಮೇಲೇ ಇಟ್ಟರು.